ನಿಮ್ಮ ಇಸಿಜಿ ಇರಲಿ, ಅಪ್ಪನ ಕಾಲು ತೋರಿಸಿ

ಹಾಸನ ಜಿಲ್ಲೆಯ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. 2025ರಲ್ಲಿ ಅವರ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೆ ಒಂದು ಬಂದು, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದರಲ್ಲ, ಆಗ ಇವರೂ ಹೆದರಿ ಇಸಿಜಿ ಮಾಡಿಸಿದರಂತೆ. ಇಲ್ಲಿವರೆಗೆ ನಾಲ್ಕು ಸಲ. ನಾಲ್ಕೂ ನಾರ್ಮಲ್. ವಯಸ್ಸು 38. 'ಆರು ತಿಂಗಳಿಗೊಮ್ಮೆ ಸಾಕಾ, ತಿಂಗಳಿಗೊಮ್ಮೆ ಮಾಡಿಸಬೇಕಾ?' ಎಂಬುದು ಪ್ರಶ್ನೆ. ಸಹಿಗೆ ಮುಂಚೆ ಇನ್ನೊಂದು ಸಾಲಿದೆ: 'ಅಪ್ಪನಿಗೆ 66, ಶುಗರ್ ಇದೆ, ಬೀಡಿ ಬಿಟ್ಟಿಲ್ಲ. ತೋಟಕ್ಕೆ ಹೋಗುವಾಗ ಅರ್ಧ ದಾರಿಯಲ್ಲಿ ಮೀನಖಂಡ ಹಿಡಿದುಕೊಂಡು ನಿಲ್ಲುತ್ತಾರೆ, ವಯಸ್ಸಾಯ್ತಲ್ಲ.'

ಸಾರ್, ನಿಮ್ಮ ಕಾಗದದಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಆ ಕೊನೇ ಸಾಲು.

ನಿಮ್ಮದನ್ನು ಮೊದಲು ಮುಗಿಸೋಣ. ಇಸಿಜಿ ಹಿಡಿಯುವುದು ಸುಮಾರು ಹತ್ತು ಸೆಕೆಂಡಿನ ಹೃದಯದ ಮಿಡಿತವನ್ನು, ಅಷ್ಟೇ. ರಕ್ತನಾಳದೊಳಗೆ ಕೊಬ್ಬು ಕೂತಿದ್ದರೂ, ಸುಮ್ನೆ ಮಲಗಿರುವಾಗ ರಕ್ತ ಸಾಕಷ್ಟು ಹರಿಯುತ್ತಿದ್ದರೆ ಅದು ನಾರ್ಮಲ್ ಅಂತಲೇ ಬರಬಹುದು. ಮುಂದೊಂದು ದಿನ ಆ ಕೊಬ್ಬಿನ ಪೊರೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದಾ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು, ನೋವು ಕೈಗೋ ದವಡೆಗೋ ಹರಿದಾಗ ಮಾತ್ರ ಇಸಿಜಿಗೆ ಬಂಗಾರದ ಬೆಲೆ. ಆಗ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿಯೇ ಸಿಗುತ್ತದೆ. ಉಳಿದ ದಿನಗಳಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ನಿಮ್ಮ ಬಗ್ಗೆ ಜಾಸ್ತಿ ಹೇಳುವುದು ಇವೇ.

ಈಗ ಅಪ್ಪನ ವಿಷಯ. ನಡೆದರೆ ನೋವು, ನಿಂತರೆ ಕೆಲವೇ ನಿಮಿಷಕ್ಕೆ ಮಾಯ, ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. ಇದಕ್ಕೆ ವಯಸ್ಸು ಅನ್ನುವುದು ತೀರಾ ಸುಲಭದ ಉತ್ತರ. ನಡೆಯುವ ಸ್ನಾಯು ಜಾಸ್ತಿ ರಕ್ತ ಕೇಳುತ್ತದೆ, ಕಾಲಿಗೆ ರಕ್ತ ಒಯ್ಯುವ ಅಪಧಮನಿ ಸಣ್ಣಗಾಗಿದ್ದರೆ ಅಷ್ಟು ಕೊಡಲಾರದು, ಸ್ನಾಯು ಕೂಗುತ್ತದೆ. ಬೀಡಿ ಮತ್ತು ಶುಗರ್, ಕಾಲಿನ ನಾಳ ಕಟ್ಟಿಕೊಳ್ಳುವ ಈ ಕಾಯಿಲೆಯ ಹಳೇ ಜೊತೆಗಾರರು. ಉಬ್ಬಿದ ನೀಲಿ ನರ ಅಂತೀವಲ್ಲ, ವೆರಿಕೋಸ್, ಅದೇ ಬೇರೆ, ಇದೇ ಬೇರೆ. ಬೆನ್ನುಹುರಿಯ ಹತ್ತಿರ ನರ ಒತ್ತಿದರೂ ನಡೆಯುವಾಗ ಕಾಲು ನೋಯುವುದುಂಟು, ಆದರೆ ಅದು ಸಾಮಾನ್ಯವಾಗಿ ಸುಮ್ನೆ ನಿಂತರೆ ಹೋಗಲ್ಲ, ಕೂರಬೇಕು ಇಲ್ಲವೇ ಮುಂದಕ್ಕೆ ಬಗ್ಗಬೇಕು. ನಮ್ಮ ಚಿಕ್ಕಪ್ಪನಿಗೆ ಒಂದು ಕ್ಲಿನಿಕ್‌ನಲ್ಲಿ ನರದ ವೀಕ್ನೆಸ್ ಅಂತ ವರ್ಷವಿಡೀ ವಿಟಮಿನ್ ಸೂಜಿ ಚುಚ್ಚಿದರು. ಪಾದದ ನಾಡಿಯನ್ನು ಒಬ್ಬರೂ ಮುಟ್ಟಿ ನೋಡಿರಲಿಲ್ಲ.

ಕಾಲಿನ ನಾಳ ಕಟ್ಟಿಕೊಂಡವರಿಗೆ ಹೃದಯದ, ಮಿದುಳಿನ ನಾಳಗಳೂ ಹಾಗೇ ಆಗಿರುವ ಸಂಭವ ಜಾಸ್ತಿ. ಹಾರ್ಟ್ ಅಟ್ಯಾಕ್ ಭಯ ನಿಮ್ಮ ಮನೆಯಲ್ಲಿ ಯಾರಿಗೆ ಇರಬೇಕಿತ್ತು ಹೇಳಿ?

ಪರೀಕ್ಷೆ ಸರಳ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ. 0.9ಕ್ಕೆ ಇಳಿದರೆ ಅನುಮಾನ ಗಟ್ಟಿ. ಶುಗರ್ ಹಳೆಯದಾಗಿದ್ದರೆ ನಾಳ ಗಟ್ಟಿಯಾಗಿ ಲೆಕ್ಕ ಸುಳ್ಳು ಹೇಳುವುದೂ ಉಂಟು, ಆಗ ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂದು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಬೀಡಿ ಪೂರ್ತಿ ನಿಲ್ಲಬೇಕು, ದಿನಕ್ಕೆ ಎರಡೇ ಅನ್ನುವ ರಾಜಿ ಬೇಡ. ಕೊಲೆಸ್ಟ್ರಾಲ್ ಇಳಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಡಾಕ್ಟರ್ ಬರೆಯುತ್ತಾರೆ. ಇದರ ಜೊತೆಗೆ, ಆಶ್ಚರ್ಯ ಅನ್ನಿಸಬಹುದು, ನಡಿಗೆಯೇ ಮದ್ದು: ಡಾಕ್ಟರ್ ಒಪ್ಪಿದ ಮೇಲೆ ನೋವು ಬರುವವರೆಗೆ ನಡೆದು, ನಿಂತು, ಇಳಿದ ಮೇಲೆ ಮತ್ತೆ ನಡೆಯುವುದು, ಹೀಗೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಮೂರು ದಿನವಾದರೂ.

ಬಿಸಿನೀರಿನ ಶಾಖ ಮಾತ್ರ ಕೊಡಬೇಡಿ, ಶುಗರ್ ಇದ್ದವರ ಪಾದಕ್ಕೆ ಸುಟ್ಟದ್ದೇ ತಿಳಿಯದೆ ಹೋಗಬಹುದು. ರಾತ್ರಿ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳು ಕಪ್ಪಾದರೆ, ಗಾಯ ಮಾಯದಿದ್ದರೆ ಕಾಯಬೇಡಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳುಚಿಕೊಂಡು ವಿಪರೀತ ನೋವು ಬಂದರೆ ಬೆಳಗಾಗಲಿ ಅನ್ನಬೇಡಿ, ಆ ಗಳಿಗೆಯಲ್ಲೇ ಹೊರಡಿ. ಕೆಲವೇ ಗಂಟೆಗಳಲ್ಲಿ ಕಾಲು ಕೈತಪ್ಪಿ ಹೋಗಬಹುದು.

ನಾಳೆ ಅಪ್ಪನ ಜೊತೆ ನೀವೂ ತೋಟಕ್ಕೆ ಹೋಗಿ. ಎಲ್ಲಿ ನಿಲ್ಲುತ್ತಾರೆ, ಯಾವ ಕಾಲು, ಎಷ್ಟು ನಿಮಿಷಕ್ಕೆ ನೋವು ಇಳಿಯುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರ್ ಮೊದಲು ಕೇಳುವುದೇ ಅದನ್ನು.

-ಸಂಪಾದಕ