ಗ್ಯಾರೇಜ್ ಬಾಗಿಲಿನ ಕೊಟೇಶನ್‌ಗೆ ಹೂಂ ಅನ್ನುವ ಮೊದಲು

ಸರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ರಾತ್ರಿ ಗ್ಯಾರೇಜಿನಿಂದ ಢಂ ಅಂತ ಸದ್ದು ಬಂತು, ಬೆಳಿಗ್ಗೆ ಬಟನ್ ಒತ್ತಿದರೆ ಬಾಗಿಲು ಒಂದಡಿಯೂ ಏರದೆ ನಿಂತಿತು ಅಂದಿದ್ದೀರಿ. ಬಂದ ಮೆಕ್ಯಾನಿಕ್ ಮೋಟಾರು, ಸ್ಪ್ರಿಂಗ್, ಬಾಗಿಲನ್ನು ಎತ್ತುವ ಎರಡೂ ಉಕ್ಕಿನ ಕೇಬಲ್, ಬಾಗಿಲು ಹಳಿಯಲ್ಲಿ ಜಾರುವ ಹತ್ತೂ ರೋಲರ್ ಚಕ್ರ ಬದಲಿಸಬೇಕು ಅಂತ ಎಲ್ಲ ಸೇರಿಸಿ ಒಂದೇ ಮೊತ್ತ ಬರೆದುಕೊಟ್ಟಿದ್ದಾರೆ, ಇದು ನ್ಯಾಯವೇ ಅಂತ ನಿಮ್ಮ ಪ್ರಶ್ನೆ. ನನಗೆ ಅನ್ನಿಸುವುದು ಇಷ್ಟು: ಸ್ಪ್ರಿಂಗ್ ತುಂಡಾಗಿದೆ, ಮೋಟಾರು ಹೋಗಿರಲಿಕ್ಕಿಲ್ಲ.

ಮೊದಲು ಒಂದು ಕೆಲಸ ಮಾಡಿ. ಬಾಗಿಲು ಮುಚ್ಚಿದ್ದಾಗ ಒಳಗೆ ನಿಂತು, ಬಾಗಿಲಿನ ಮೇಲೆ ಅಡ್ಡ ಕಂಬಿಗೆ ಸುತ್ತಿಕೊಂಡಿರುವ ಸ್ಪ್ರಿಂಗನ್ನು ಟಾರ್ಚ್ ಹಿಡಿದು ನೋಡಿ. ಮುಟ್ಟಬೇಡಿ, ನೋಡಿ ಅಷ್ಟೆ. ಸುರುಳಿಯ ನಡುವೆ ಎಲ್ಲಾದರೂ ಎರಡು ಮೂರು ಬೆರಳಗಲ ಬಿರುಕು ಬಿಟ್ಟಿದ್ದರೆ ನಿಮ್ಮ ಢಂ ಸದ್ದು ಅಲ್ಲಿಂದಲೇ ಬಂದದ್ದು.

ಹೆಚ್ಚಿನವರು ತಿಳಿಯುವುದು ಬಾಗಿಲನ್ನು ಎತ್ತುವುದು ಮೋಟಾರು ಅಂತ. ಹಾಗಲ್ಲ. ಭಾರ ಹೊರುವುದು ಸ್ಪ್ರಿಂಗ್. ಮೋಟಾರು ಮಗುವನ್ನು ಉಯ್ಯಾಲೆಯಲ್ಲಿ ತಳ್ಳಿದ ಹಾಗೆ ಸ್ವಲ್ಪ ಒತ್ತುಕೊಡುತ್ತದೆ. ಸ್ಪ್ರಿಂಗ್ ಮುರಿದರೆ ಎರಡು ಕಾರು ಅಗಲದ ಬಾಗಿಲಿನ ಪೂರ್ತಿ ತೂಕ, ಅಂದರೆ 70 ಕಿಲೋಗೂ ಮೇಲೆ, ಒಮ್ಮೆಲೇ ಮೋಟಾರಿನ ತಲೆಗೆ ಬೀಳುತ್ತದೆ. ಅದು ಅಪಾಯ ಗೊತ್ತಾಗಿ ನಿಂತುಬಿಡುತ್ತದೆ. ಅಲ್ಲಿಗೆ ಅದು ಕೆಟ್ಟಿತು ಅಂತ ಅರ್ಥವಲ್ಲ. ಆದರೆ ಮತ್ತೆ ಮತ್ತೆ ಬಟನ್ ಒತ್ತುತ್ತಾ ಇದ್ದರೆ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ನಿಜವಾಗಿಯೂ ಸವೆದುಹೋಗುತ್ತದೆ. ದಯವಿಟ್ಟು ಒತ್ತುವುದು ನಿಲ್ಲಿಸಿ.

ಈ ಪಾಠ ನಾನು ದುಡ್ಡು ಕೊಟ್ಟೇ ಕಲಿತದ್ದು. ಬಾಗಿಲು ನಿಧಾನವಾಗಿದೆ ಅಂತ ಒಬ್ಬರನ್ನು ಕರೆಸಿದೆ, ಮೋಟಾರು ಬದಲಿಸಿ ಹೋದರು. ಕೆಲವೇ ತಿಂಗಳಿಗೆ ಹೊಸ ಮೋಟಾರೂ ಅದೇ ರಾಗ ಹಾಡಿತು. ಎರಡನೆಯ ಬಾರಿ ಬಂದವರು ಮೋಟಾರಿನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ಮುಚ್ಚಿಸಿ, ಕೆಂಪು ಹಗ್ಗ ಎಳೆದು ಮೋಟಾರಿನಿಂದ ಬಾಗಿಲನ್ನು ಬಿಡಿಸಿ, ಕೈಯಿಂದ ಸೊಂಟದವರೆಗೆ ಎತ್ತಿ ಬಿಟ್ಟರು. ಬಾಗಿಲು ಧೊಪ್ಪನೆ ಇಳಿಯಿತು. ಸ್ಪ್ರಿಂಗ್ ಸರಿಯಿದ್ದರೆ ಅದು ಅಲ್ಲೇ ನಿಲ್ಲಬೇಕು. ಅರ್ಧ ನಿಮಿಷದ ಪರೀಕ್ಷೆ, ಮೊದಲೇ ಮಾಡಿದ್ದರೆ ಒಂದು ಮೋಟಾರಿನ ಹಣ ಉಳಿಯುತ್ತಿತ್ತು.

ಆದ್ದರಿಂದ ನಿಮ್ಮ ಮೆಕ್ಯಾನಿಕ್‌ಗೆ ಹೇಳಿ: ಮೊದಲು ಸ್ಪ್ರಿಂಗ್ ಹಾಕಿ, ಬಾಗಿಲು ಕೈಯಲ್ಲಿ ಸಲೀಸಾಗಿ ಆಡುವುದನ್ನು ತೋರಿಸಿ, ಆಮೇಲೆ ಹಳೇ ಮೋಟಾರನ್ನೇ ಜೋಡಿಸಿ ನೋಡೋಣ. ಅದು ಓಡಿದರೆ ನಿಮ್ಮ ಬಿಲ್ಲಿನ ದೊಡ್ಡ ಸಾಲೊಂದು ಹೋಯಿತು. ಓಡದಿದ್ದರೂ ಗೇರ್ ಮಾತ್ರ ಹೋಗಿದೆಯೇ, ಮೋಟಾರು ತಿರುಗಲು ಶುರುಮಾಡಿಸುವ ಕೆಪಾಸಿಟರ್ ಹೋಗಿದೆಯೇ ಅಂತ ಕೇಳಿ. ಅವೆರಡೂ ಇಡೀ ಮೋಟಾರಿಗಿಂತ ಬಹಳ ಅಗ್ಗ.

ಸ್ಪ್ರಿಂಗ್ ವಿಷಯದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ, ನೀವೇ ಹಾಕಲು ಹೋಗಲೇಬೇಡಿ. ಏಳಡಿ ಬಾಗಿಲಿಗೆ ಸ್ಪ್ರಿಂಗನ್ನು ಸುಮಾರು ಏಳೂವರೆ ಸುತ್ತು ಬಿಗಿದಿರುತ್ತಾರೆ. ಅದಕ್ಕೆಂದೇ ಮಾಡಿದ ಉಕ್ಕಿನ ಸರಳುಗಳು ಬೇಕು. ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದವರ ಕೈ, ಮುಖ ಒಡೆದದ್ದುಂಟು. ನೀವು ಕೊಡುವ ಹಣದಲ್ಲಿ ಆ ಕಬ್ಬಿಣದ ಪಾಲಿಗಿಂತ ಕೈಚಳಕದ ಪಾಲು ದೊಡ್ಡದು. ಅದಕ್ಕೇ ಎರಡು ಸ್ಪ್ರಿಂಗ್ ಇರುವ ಬಾಗಿಲಿಗೆ ಒಂದೇ ಮುರಿದಿದ್ದರೂ ಎರಡನ್ನೂ ಬದಲಿಸಿ ಅಂತಾರೆ. ಇದು ಮೋಸವಲ್ಲ. ಎರಡೂ ಒಂದೇ ದಿನ ಹುಟ್ಟಿದವು, ಇನ್ನೊಂದೂ ಹೊರಡಲು ಸಿದ್ಧವಾಗಿಯೇ ಇರುತ್ತದೆ. ಆಗ ಕೂಲಿ ಮತ್ತೊಮ್ಮೆ ಕೊಡಬೇಕು.

ಇಲ್ಲಿ ಒಂದು ಪ್ರಶ್ನೆ ಕೇಳಿ: ಎಷ್ಟು ಸಲ ತೆಗೆದು ಮುಚ್ಚುವ ಬಾಳಿಕೆಯದ್ದು? ಸಾಮಾನ್ಯ ಸ್ಪ್ರಿಂಗಿನ ಲೆಕ್ಕ 10,000 ಸಲ. ದಿನಕ್ಕೆ ನಾಲ್ಕು ಸಲ ಬಾಗಿಲು ಆಡಿದರೆ ಏಳು ವರ್ಷದ ಹತ್ತಿರ. ಮಕ್ಕಳು, ಸೈಕಲ್ಲು, ಎರಡು ಕಾರು ಅಂತ ದಿನಕ್ಕೆ ಎಂಟಾದರೆ ಮೂರೂವರೆ ವರ್ಷವೂ ಬರುವುದಿಲ್ಲ. ಇನ್ನೂ ದಪ್ಪ ತಂತಿಯ, ಉದ್ದನೆಯ, 20,000 ಸಲದ ಸ್ಪ್ರಿಂಗೂ ಸಿಗುತ್ತದೆ. ಕೂಲಿ ಎರಡಕ್ಕೂ ಒಂದೇ, ಹೆಚ್ಚುವುದು ಸಾಮಾನಿನ ಬೆಲೆ ಮಾತ್ರ. ಆ ಮನೆಯಲ್ಲೇ ಇರುವವರಿಗೆ ನಾನು ಅದನ್ನೇ ಹೇಳುವುದು. ಒಂದೆರಡು ವರ್ಷದಲ್ಲಿ ಮನೆ ಮಾರುವವರಿಗೆ ಸಾದಾದ್ದು ಸಾಕು.

ಕೇಬಲ್‌ನ ಎಳೆ ಬಿಚ್ಚಿಕೊಂಡಿದ್ದರೆ, ತುಕ್ಕು ಹಿಡಿದಿದ್ದರೆ ಈಗಲೇ ಬದಲಿಸಿಬಿಡಿ. ಸ್ಪ್ರಿಂಗಿಗಾಗಿ ಹೇಗೂ ಅದನ್ನು ಸಡಿಲಿಸುತ್ತಾರೆ, ಹೆಚ್ಚುವರಿ ಕೂಲಿ ಹೆಚ್ಚೇನೂ ಬೀಳಬಾರದು. ಹತ್ತೂ ರೋಲರ್ ಅಂದದ್ದಕ್ಕೆ ಮಾತ್ರ ನನಗೆ ಅನುಮಾನ. ಚಕ್ರ ಸೀಳಿದೆಯೇ, ಓಲಾಡುತ್ತಿದೆಯೇ ಅಂತ ಒಂದೊಂದಾಗಿ ತೋರಿಸಲು ಹೇಳಿ. ಕೆಟ್ಟವಕ್ಕೆ ಮಾತ್ರ ದುಡ್ಡು.

ಈ ಚರ್ಚೆ ಓದುವ ಬೇರೆಯವರಿಗೂ ಎರಡು ಮಾತು. ಬಾಗಿಲು ಅರ್ಧ ಇಳಿದು ವಾಪಸ್ ಏರಿದರೆ ಫೋನ್ ಮಾಡುವ ಮೊದಲು ನೆಲದಿಂದ ಸುಮಾರು ಅರ್ಧ ಅಡಿ ಮೇಲೆ ಎದುರುಬದುರು ಇರುವ, ಬಾಗಿಲಿಗೆ ಏನಾದರೂ ಅಡ್ಡ ಇದೆಯೇ ಅಂತ ನೋಡುವ ಎರಡು ಸೆನ್ಸರ್ ಒರೆಸಿ ನೋಡಿ. ಜೇಡರ ಬಲೆ, ಪೊರಕೆ ತಗುಲಿ ಓರೆಯಾದದ್ದು, ಸಂಜೆಯ ಬಿಸಿಲು ನೇರ ಸೆನ್ಸರಿನ ಕಣ್ಣಿಗೆ ಬಿದ್ದದ್ದು, ಬಹುಪಾಲು ಇಷ್ಟೇ. ರಿಮೋಟ್ ಸತ್ತಿದೆ, ಗೋಡೆಯ ಬಟನ್ ಮಾತ್ರ ಕೆಲಸ ಮಾಡುತ್ತಿದೆ ಅಂದರೆ ಸೆಲ್ ಬದಲಿಸಿ, ಗೋಡೆಯ ಬಟನ್ ಪಕ್ಕದ, ರಿಮೋಟನ್ನು ತಡೆಯುವ ಲಾಕ್ ಯಾರಾದರೂ ಒತ್ತಿದ್ದಾರಾ ನೋಡಿ. ಇದಕ್ಕೆಲ್ಲ ಬಂದುಹೋಗುವ ಚಾರ್ಜು ಕೊಟ್ಟವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಜೇಬಿಗೆ ನಿಜವಾದ ಪೆಟ್ಟು ಬೀಳುವುದು ಕಾರು ತಗುಲಿ ಬಾಗಿಲಿನ ಪ್ಯಾನೆಲ್, ಅಂದರೆ ಅಡ್ಡ ಹಲಗೆ, ಬಗ್ಗಿದಾಗ. ಹಳೇ ಮಾದರಿಗೆ ಹೊಂದುವ ಪ್ಯಾನೆಲ್ ಸಿಗುವುದೇ ಕಷ್ಟ, ಸಿಕ್ಕರೂ ಬಣ್ಣ ಹೊಂದುವುದಿಲ್ಲ. ಒಂದಾದರೆ ಬದಲಿಸಬಹುದು, ಎರಡು ಮೂರು ಹೋಗಿದ್ದರೆ ಪೂರ್ತಿ ಹೊಸ ಬಾಗಿಲಿನ ಕೊಟೇಶನ್ನೂ ತರಿಸಿ ಪಕ್ಕದಲ್ಲಿಟ್ಟು ನೋಡಿ. ಹೊಸ ಪ್ಯಾನೆಲಿನ ತೂಕ ಬೇರೆಯಾದರೆ ಸ್ಪ್ರಿಂಗನ್ನು ಮತ್ತೆ ಹೊಂದಿಸಬೇಕು, ಅದೂ ಮೊತ್ತದಲ್ಲಿ ಸೇರಿದೆಯೇ ಕೇಳಿ.

ಇನ್ನು ನಿಮ್ಮ ಅವಸರದ ಬಗ್ಗೆ. ರಾತ್ರಿ, ರಜಾದಿನ ಕರೆಸಿದರೆ ದರ ಏರುವುದು ಸಹಜ. ನಿಮ್ಮ ಬಾಗಿಲು ಮುಚ್ಚಿಯೇ ಇದೆ, ಹಾಗಾಗಿ ಕೆಲಸದ ದಿನದವರೆಗೆ ಕಾದರೆ ಏನೂ ಆಗದು. ತೆರೆದ ಸ್ಥಿತಿಯಲ್ಲಿ ಸ್ಪ್ರಿಂಗ್ ಮುರಿದಿದ್ದರೆ ಮಾತ್ರ ತುರ್ತು. ಆಗ ಕೆಂಪು ಹಗ್ಗ ಎಳೆಯಲೇಬಾರದು, ಬಾಗಿಲು ಕೊಡಲಿಯಂತೆ ಕೆಳಗೆ ಬೀಳುತ್ತದೆ. ಯಾರನ್ನೂ ಅದರಡಿ ಓಡಾಡಲು ಬಿಡಬೇಡಿ.

ನಾಳೆ ಆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಬಂದುಹೋಗುವ ಚಾರ್ಜು, ಕೂಲಿ, ಒಂದೊಂದು ಸಾಮಾನಿನ ಬೆಲೆ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡಲು ಕೇಳಿ. ಕೆಲಸ ಕೊಟ್ಟರೆ ಬಂದುಹೋಗುವ ಚಾರ್ಜು ಬಿಲ್ಲಿನಲ್ಲಿ ಕಳೆಯುತ್ತಾರಾ ಅಂತಲೂ ಕೇಳಿ, ಕೆಲವರು ಕಳೆಯುತ್ತಾರೆ. 'ಲೈಫ್‌ಟೈಮ್ ವಾರಂಟಿ' ಅಂದರೆ ಸಾಮಾನಿಗೋ ಕೂಲಿಗೂ ಸೇರಿಯೋ ಕೇಳಲು ಮರೆಯಬೇಡಿ. ಸ್ಪ್ರಿಂಗ್ ಪುಕ್ಕಟೆ ಕೊಟ್ಟು ಪ್ರತಿ ಸಲ ಕೂಲಿ ಪೂರ್ತಿ ತೆಗೆದುಕೊಳ್ಳುವುದು ಹಳೇ ವರಸೆ. ಬಿಡಿಸಿ ಬರೆಯಲು ಒಪ್ಪದಿದ್ದರೆ ಬೇರೆ ಇಬ್ಬರನ್ನು ಕೇಳಿ.

ಅಷ್ಟರಲ್ಲಿ ಸ್ಪ್ರಿಂಗಿನ ಫೋಟೊ ಒಂದು, ಕೆಳಮೂಲೆಯಲ್ಲಿ ಕೇಬಲ್ ಸಿಕ್ಕಿಸಿರುವ ಜಾಗದ್ದು ಒಂದು ಇಲ್ಲಿ ಹಾಕಿ. ದೂರದಿಂದಲೇ ತೆಗೆಯಿರಿ, ಜೂಮ್ ಮಾಡಿ ನೋಡಿಕೊಳ್ಳುತ್ತೇವೆ.