ಡಿಸ್ಪರ್ಸೆಂಟ್ ಹಾಕಿದಷ್ಟೂ ನನ್ನ ಅಲ್ಯುಮಿನಾ ಸ್ಲರಿ ಗಟ್ಟಿಯಾಗುತ್ತಿದೆ, ಏನು ಮಾಡಲಿ?

ತೂಕದಲ್ಲಿ 80% ಅಲ್ಯುಮಿನಾ (ಸೆರಾಮಿಕ್ ಪುಡಿ) ಇರುವ ಸ್ಲರಿ, ಅಂದರೆ ಪುಡಿಯನ್ನು ನೀರಿನಲ್ಲಿ ಕಲಸಿದ ದ್ರವ. ಡಿಸ್ಪರ್ಸೆಂಟ್ ಆಗಿ, ಅಂದರೆ ಕಣಗಳು ಗುಂಪುಗೂಡದಂತೆ ತಡೆಯಲು, ಅಮೋನಿಯಂ ಪಾಲಿಅಕ್ರಿಲೇಟ್ ಎಂಬ ಪಾಲಿಮರ್ ಹಾಕಿದಾಗ ಮೊದಲು ತೆಳುವಾಯಿತು, ಇನ್ನಷ್ಟು ಹಾಕಿದ ಮೇಲೆ ಅಚ್ಚಿಗೆ ಸುರಿಯಲೂ ಬಾರದಷ್ಟು ಗಟ್ಟಿಯಾಯಿತು ಅಂತೀರಿ, ಅಲ್ವಾ? ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಗಟ್ಟಿಯಾದಾಗ ಇನ್ನೊಂದು ಚಮಚ, ಮತ್ತೆ ಇನ್ನೊಂದು. ಕೊನೆಗೆ ಜಾರ್ ತಲೆಕೆಳಗೆ ಮಾಡಿದರೂ ಏನೂ ಬೀಳಲಿಲ್ಲ.

ಪಾಲಿಮರ್ ಕಣಗಳ ಮೇಲ್ಮೈಗೆ ಅಂಟಿಕೊಂಡು ಅವುಗಳನ್ನು ಪರಸ್ಪರ ದೂರ ತಳ್ಳುತ್ತದೆ. ಮೇಲ್ಮೈ ತುಂಬಿದ ಮೇಲೆ ಮಿಕ್ಕಿದ್ದು ಸುಮ್ನೆ ನೀರಿನಲ್ಲೇ ಉಳಿಯುತ್ತದೆ. ಅದರ ಜೊತೆ ಬಂದ ಅಯಾನುಗಳು ಆ ತಳ್ಳುವ ಬಲವನ್ನೇ ಕುಗ್ಗಿಸುತ್ತವೆ, ಕಣಗಳು ಮತ್ತೆ ಗುಂಪುಗೂಡುತ್ತವೆ. ಗಡಸು ನೀರು ಬಳಸಿದರೂ ಹೀಗೇ, ಅದರಲ್ಲಿರುವ ಕ್ಯಾಲ್ಸಿಯಂ ಕಾಟ ಕೊಡುತ್ತದೆ. ಡಿಸ್ಟಿಲ್ಡ್ ನೀರನ್ನೇ ಬಳಸಿ.

ಸರಿಯಾದ ಪ್ರಮಾಣವನ್ನು ಊಹಿಸಬೇಡಿ, ಅಳೆಯಿರಿ. ಆರು ಚಿಕ್ಕ ಜಾರ್‌ಗಳಲ್ಲಿ ಒಂದೇ ಪುಡಿ, ಒಂದೇ ನೀರು. ಡಿಸ್ಪರ್ಸೆಂಟ್ ಮಾತ್ರ ಪುಡಿಯ ತೂಕದ 0.1% ರಿಂದ 0.6% ವರೆಗೆ. ಇದು ಅಸಲಿ ಪಾಲಿಮರ್‌ನ ಲೆಕ್ಕ. ಬಾಟಲಿಯಲ್ಲಿರುವುದು ಹೆಚ್ಚಾಗಿ ನೀರು ಬೆರೆತ ದ್ರಾವಣ, ಅನೇಕರು ಎಡವುವುದು ಇಲ್ಲೇ. ಎಲ್ಲವನ್ನೂ ಒಂದೇ ಹೊತ್ತು ಬಾಲ್ ಮಿಲ್ ಮಾಡಿ (ಗುಂಡುಗಳಿರುವ ಜಾರ್ ತಿರುಗಿಸಿ ಅರೆಯಿರಿ), ಒಂದೇ ಉಷ್ಣತೆಯಲ್ಲಿ, ಒಂದೇ ವೇಗದಲ್ಲಿ ಸ್ನಿಗ್ಧತೆ (ಸ್ಲರಿ ಎಷ್ಟು ಗಟ್ಟಿ ಎಂಬುದು) ಅಳೆಯಿರಿ. ಗ್ರಾಫ್ ಇಳಿದು ಮತ್ತೆ ಏರುತ್ತದೆ. ತಳದ ಬಿಂದುವೇ ನಿಮ್ಮ ಪ್ರಮಾಣ. ಆಮೇಲೆ ಪುಡಿಯ ಲಾಟ್ ಬದಲಾದರೆ ಇದನ್ನು ಮತ್ತೆ ಮಾಡಲೇಬೇಕು, ಬೇಸರದ ಕೆಲಸ, ಬೇರೆ ದಾರಿಯಿಲ್ಲ. ಮಿಲ್ಲಿಂಗ್ ಜಾಸ್ತಿಯಾದರೂ ಹೊಸ ಮೇಲ್ಮೈ ಹುಟ್ಟಿ ಪಾಲಿಮರ್ ಸಾಲದೇ ಹೋಗಬಹುದು.

ಪಿಎಚ್ ಕೂಡ ನೋಡಿ. ಅಲ್ಯುಮಿನಾ ಕಣದ ವಿದ್ಯುತ್ ಆವೇಶ ಪಿಎಚ್ 9ರ ಆಸುಪಾಸಿನಲ್ಲಿ ಸೊನ್ನೆಗೆ ಬರುತ್ತದೆ, ತಳ್ಳುವ ಬಲ ಇಲ್ಲದೆ ಕಣಗಳು ಗುಂಪುಗೂಡುತ್ತವೆ. ಪಾಲಿಮರ್ ಅಂಟಿದರೆ ಆ ಬಿಂದು ಆಮ್ಲದ ಕಡೆ ಸರಿಯುತ್ತದೆ, ಆಗ 9ರಲ್ಲಿ ಕೆಲಸ ಮಾಡಲು ಅಡ್ಡಿಯಿಲ್ಲ.

ನೀರು ಸೇರಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಅಲ್ಯುಮಿನಾ ನೀರಿಗಿಂತ ಸುಮಾರು ನಾಲ್ಕು ಪಟ್ಟು ಭಾರ. ಹಾಗಾಗಿ ತೂಕದಲ್ಲಿ 80% ಅಂದರೆ ಗಾತ್ರದಲ್ಲಿ ಬರೀ 50%. ಈ ಮಟ್ಟದಲ್ಲಿ ಸ್ವಲ್ಪ ನೀರಿಗೂ ಸ್ಲರಿ ಚೆನ್ನಾಗಿ ತೆಳುವಾಗುತ್ತದೆ ನಿಜ, ಆದರೆ ಅಚ್ಚಿನಿಂದ ಬಂದ ಭಾಗ ಒಣಗುವಾಗ ಜಾಸ್ತಿ ಕುಗ್ಗುತ್ತದೆ, ಬಿರುಕು ಬಿಡುತ್ತದೆ.

ಈಗಿರುವ ಬ್ಯಾಚ್ ಎಸೆಯಬೇಡಿ. ಡಿಸ್ಪರ್ಸೆಂಟ್ ಇಲ್ಲದೆ, ಅದೇ ಅನುಪಾತದ ಪುಡಿ ಮತ್ತು ನೀರನ್ನು ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಮತ್ತೆ ಮಿಲ್ ಮಾಡಿ. ಹೆಚ್ಚಾದ ಪಾಲಿಮರ್ ಹೊಸ ಕಣಗಳಿಗೆ ಅಂಟಿಕೊಳ್ಳುತ್ತದೆ. ನನ್ನ ಆ ಜಾರ್ ಹೀಗೇ ಉಳಿಯಿತು.