ಬೇರೆಯವರ ಮುಂದೆ ನಮ್ಮನ್ನು ನಾವು ಎಲ್ಲಿ ನಿಲ್ಲಿಸಿಕೊಳ್ಳುತ್ತೇವೆ ಎಂದು ಅಳೆಯಬಹುದಾ?

ಅಳೆಯಬಹುದು, ಅದೂ ಒಂದು ಏಣಿಯ ಚಿತ್ರ ಸಾಕು. ಮನೋವಿಜ್ಞಾನಿ ನ್ಯಾನ್ಸಿ ಆಡ್ಲರ್ ಮತ್ತು ಸಂಗಡಿಗರು 2000ದ ಅಧ್ಯಯನದಲ್ಲಿ ಬಳಸಿದ ಮ್ಯಾಕ್‌ಆರ್ಥರ್ ಏಣಿಗೆ 10 ಮೆಟ್ಟಿಲು. ತುದಿಯಲ್ಲಿ ದುಡ್ಡು, ಓದು, ಒಳ್ಳೆ ಕೆಲಸ ಎಲ್ಲ ಜಾಸ್ತಿ ಇರುವವರು. ಬುಡದಲ್ಲಿ ತೀರಾ ಕಡಿಮೆ ಇರುವವರು. ನಿಮ್ಮ ಮೆಟ್ಟಿಲಿಗೆ ಗುರುತು ಹಾಕಬೇಕು, ಅಷ್ಟೇ.

ಮಜಾ ಇರುವುದು ಯಾರ ಜೊತೆ ಹೋಲಿಕೆ ಎನ್ನುವುದರಲ್ಲಿ. ಇಡೀ ದೇಶಕ್ಕೆ ಒಂದು ಏಣಿ, ಸುತ್ತಲಿನ ಜನಕ್ಕೆ ಇನ್ನೊಂದು. ವೈಟ್‌ಫೀಲ್ಡ್‌ನಲ್ಲಿ ಬಾಡಿಗೆಗಿರುವ ಸಾಫ್ಟ್‌ವೇರ್ ಹುಡುಗ ಮೊದಲನೆಯದರಲ್ಲಿ 8 ಎಂದಾನು. ಪಕ್ಕದ ಫ್ಲಾಟಿನವರ ಕಾರು ನೋಡಿ ಎರಡನೆಯದರಲ್ಲಿ 4 ಅಂತಾನೆ, ಅಲ್ವಾ? (ಹಬ್ಬಕ್ಕೆ ಊರಿಗೆ ಹೋದರೆ ಮತ್ತೆ 9!) ಸಂಬಳ ಮಾತ್ರ ಅದೇ.

ಆಪ್ತತೆ ಅಳೆಯಲು ಏಣಿ ಬೇಡ. 1992ರಲ್ಲಿ ಮನೋವಿಜ್ಞಾನಿ ಆರ್ಥರ್ ಏರನ್ ತಂಡ 7 ಜೋಡಿ ವೃತ್ತ ಕೊಟ್ಟಿತು, ಬರೀ ತಾಗಿದ ಜೋಡಿಯಿಂದ ಬಹುತೇಕ ಒಂದಾದ ಜೋಡಿಯವರೆಗೆ: ಒಂದು ವೃತ್ತ 'ನಾನು', ಇನ್ನೊಂದು 'ಅವರು', ಎಷ್ಟು ಬೆರೆತಿದ್ದೇವೆ ಎಂದು ಆರಿಸುವುದು.